ಮಗಳಿಗೊಂದು ಪತ್ರ: ಹೆಸರಿಲ್ಲದ ಹುಡುಗಿಯ ವಾದ

ಪ್ರೀತಿಯ ಪುಟ್ಟಿ,

ಲಾ ಓದುತ್ತಿರುವ ನಿನಗೆ ಪ್ಲಾಟಸ್ ಬಗ್ಗೆ ಹೇಳಲೇಬೇಕು. ಕ್ರಿ.ಪೂ. 184ರ ಸುಮಾರಿಗೆ ತೀರಿಕೊಂಡ ರೋಮಿನ ನಾಟಕಕಾರ. ಅವನ ಹಾಸ್ಯ ನಾಟಕಗಳು ನಡೆಯುವುದು ಗ್ರೀಕರ ಊರುಗಳಲ್ಲಿ. ಆದರೆ ಪಾತ್ರಗಳು ಜಗಳಕ್ಕೆ ನಿಂತರೆ ಬಾಯಲ್ಲಿ ಬರುವುದು ರೋಮಿನ ಕಾನೂನು!

ಆ ಕಾನೂನು ಜನರ ನಾಲಿಗೆ ಮೇಲೇ ಇತ್ತು. ‘ಕೊಡುತ್ತೀಯಾ?’ ‘ಕೊಡುತ್ತೇನೆ.’ ಇಷ್ಟು ಸರಿಯಾಗಿ ಆಡಿದರೆ ಕರಾರು ಮುಗಿಯಿತು. ಎದುರಾಳಿ ನ್ಯಾಯಾಲಯಕ್ಕೆ ಬರಲ್ಲ ಅಂದರೆ, ಪಕ್ಕದವನ ಕಿವಿ ಮುಟ್ಟಿ ಸಾಕ್ಷಿ ಮಾಡಿಕೊಂಡು, ಆಮೇಲೆ ಎಳೆದೊಯ್ಯಬಹುದಿತ್ತು. ಕ್ರಿ.ಪೂ. 450ರ ಸುಮಾರಿನ ಹನ್ನೆರಡು ಫಲಕಗಳ ಕಾನೂನಿನಲ್ಲೇ, ಅಂದರೆ ರೋಮಿನ ಮೊದಲ ಲಿಖಿತ ಕಾನೂನಿನಲ್ಲೇ, ಸಾಕ್ಷಿಯ ಈ ನಿಯಮವಿತ್ತು. ಬೀದಿಯಲ್ಲಿ ಕಂಡದ್ದೇ ರಂಗದ ಮೇಲೆ ಬಂದಾಗ ಜನ ನಗದೆ ಇರುತ್ತಾರಾ?

‘ಪೆರ್ಸಾ’ ನಾಟಕ ನೋಡು. ಸ್ಯಾಟುರಿಯೊ ಕಂಡವರ ಮನೆ ಊಟಕ್ಕೆ ಕಾದು ಕೂರುವವನು. ತಲೆಹಿಡುಕ ದೋರ್ಡಲಸ್‌ಗೆ ಮೋಸ ಮಾಡಲು ತನ್ನ ಮಗಳಿಗೇ ಸೆರೆಯಾಳಿನ ವೇಷ ಹಾಕಿಸಿ ಮಾರಿಸುತ್ತಾನೆ. ದುಡ್ಡು ಕೈಸೇರಿದ ಮೇಲೆ ಬಂದು, ‘ಇವಳು ಸ್ವತಂತ್ರ ಹೆಣ್ಣು, ಇವಳನ್ನು ಕೊಳ್ಳುವಂತಿಲ್ಲ, ನಡಿ ನ್ಯಾಯಾಲಯಕ್ಕೆ’ ಅನ್ನುತ್ತಾನೆ. ಸಾಕ್ಷಿ ಕರೆಯಲ್ವಾ ಅಂತ ದೋರ್ಡಲಸ್ ಕೇಳಿದರೆ, ನಿನ್ನಂಥವನಿಗೋಸ್ಕರ ಸ್ವತಂತ್ರ ಮನುಷ್ಯನ ಕಿವಿ ಮುಟ್ಟಬೇಕಾ ಅನ್ನುತ್ತಾನೆ. ಈ ಸಾಲು ಬಹಳ ಚೆನ್ನಾಗಿದೆ.

ಆದರೆ ನನ್ನನ್ನು ಕಾಡುವುದು ಆ ಹುಡುಗಿ. ನಾಟಕದಲ್ಲಿ ಅವಳಿಗೆ ವೇಷದ ಹೆಸರು ಬಿಟ್ಟರೆ ಸ್ವಂತ ಹೆಸರೂ ಇಲ್ಲ. ಮಾರುವ ಮುಂಚೆ ಅಪ್ಪನನ್ನೇ ಪಾಟೀಸವಾಲಿಗೆ ಎಳೆಯುತ್ತಾಳೆ. ಹೊಟ್ಟೆಗೋಸ್ಕರ ಮಗಳನ್ನೇ ಮಾರುತ್ತೀಯಾ? ನಾನು ನಿನಗೆ ಮಗಳೋ, ದಾಸಿಯೋ? ಹೊಟ್ಟೆಗೆ ಯಾವುದು ಅನುಕೂಲವೋ ಅದು, ಅನ್ನುತ್ತಾನೆ ಅವನು. ನಿನ್ನ ಮೇಲೆ ಅಧಿಕಾರ ನನ್ನದು, ಅಂತಲೂ ಸೇರಿಸುತ್ತಾನೆ. ಅದು ಸುಮ್ನೆ ಜಂಬದ ಮಾತಲ್ಲ. ರೋಮಿನ ಅಪ್ಪನಿಗೆ ಆ ಅಧಿಕಾರ ನಿಜಕ್ಕೂ ಇತ್ತು. ಅಪ್ಪ ಮೂರು ಸಲ ಮಾರಿದ ಮಗ ಅವನ ಹಿಡಿತದಿಂದ ಬಿಡುಗಡೆ ಆಗುತ್ತಾನೆ ಅಂತ ಆ ಫಲಕಗಳಲ್ಲೇ ಬರೆದಿತ್ತು.

ಅಧಿಕಾರ ನಿನ್ನದೇ ಅಂತ ಹುಡುಗಿಯೂ ಒಪ್ಪುತ್ತಾಳೆ. ಆದರೂ ವಾದ ಬಿಡಲ್ಲ. ಕೆಟ್ಟ ಹೆಸರು ಸಾಯುವುದಿಲ್ಲ, ಆಮೇಲೆ ನನ್ನನ್ನು ಯಾರು ಮದುವೆಯಾಗುತ್ತಾರೆ, ಅನ್ನುತ್ತಾಳೆ. ಅದಕ್ಕೆ ಅಪ್ಪ ವರದಕ್ಷಿಣೆಯಾಗಿ ತೋರಿಸುವುದು ಒಂದು ಬುಟ್ಟಿ ನಗೆಹನಿ ಪುಸ್ತಕ! ಜನರನ್ನು ನಗಿಸಲು ಬರೆದ ದೃಶ್ಯ ಅಂತ ಗೊತ್ತು. ನನಗೆ ಮಾತ್ರ ಅಲ್ಲಿ ನಗು ಬರುವುದಿಲ್ಲ. ಕಾನೂನು ಪೂರ್ತಿ ಅಪ್ಪನ ಕಡೆ ಇರುವಾಗ ಆ ಹುಡುಗಿ ಎಷ್ಟು ನೆಟ್ಟಗೆ ನಿಂತು ಮಾತಾಡುತ್ತಾಳೆ ನೋಡು.

ರಜೆಗೆ ಬಂದಾಗ ಆ ದೃಶ್ಯ ಇಬ್ಬರೂ ಗಟ್ಟಿಯಾಗಿ ಓದೋಣ. ಅವಳ ಪರ ನೀನು ಇನ್ನೇನು ವಾದ ಮಾಡುತ್ತಿದ್ದೆ ಅಂತ ನನಗೆ ಕೇಳಬೇಕು.

ನಿನ್ನ,
ಅಪ್ಪ