ಬೀಗ ಹಾಕಿದಂಗೇ ಇತ್ತು, ಸೈಕಲ್ ಇರ್ಲಿಲ್ಲ

ಅಪ್ಪ, ಅಮ್ಮ, ನಮಸ್ಕಾರ.

ನಾವೆಲ್ಲ ಚೆನ್ನಾಗಿದೀವಿ, ಮೊದ್ಲೇ ಹೇಳ್ಬಿಡ್ತೀನಿ, ಯಾಕಂದ್ರೆ ಫೋನಲ್ಲಿ ಅರ್ಧಂಬರ್ಧ ಕೇಳಿಸ್ಕೊಂಡು ಅಮ್ಮ ರಾತ್ರಿಯೆಲ್ಲಾ ನಿದ್ದೆ ಮಾಡಿಲ್ವಂತೆ. ಕಳ್ಳರು ಬಂದಿದ್ದು ಮನೆಗಲ್ಲ, ಹಿತ್ತಲ ಶೆಡ್ಡಿಗೆ. ಹೋಗಿದ್ದು ಸೈಕಲ್ಲು, ಡ್ರಿಲ್ ಮಷೀನು ಅಷ್ಟೇ.

ಅಪ್ಪ, ಬೀಗಕ್ಕೆ ಒಂದು ಗೀರೂ ಬಿದ್ದಿಲ್ಲ ಗೊತ್ತಾ! ಹಾಕಿದ ಬೀಗ ಹಾಕಿದಂಗೇ ಚಿಲಕದ ಪಟ್ಟಿ ಸಮೇತ ಹುಲ್ಲಿನ ಮೇಲೆ ಬಿದ್ದಿತ್ತು, ಪಕ್ಕದಲ್ಲಿ ನಾಲ್ಕು ಸ್ಕ್ರೂ. ನಾನೂ ನಿಮ್ಮ ಥರಾನೇ ದಿನಾ ಬೀಗಾನ ಮೂರು ಸಲ ಜಗ್ಗಿ ನೋಡಿ ಮಲಗೋನು, ಆದ್ರೆ ಚಿಲಕಾನ ಹಿಡ್ಕೊಂಡಿರೋದು ಹೊರಗಡೆ ಕಾಣೋ ಆ ನಾಲ್ಕು ಸ್ಕ್ರೂ ಅಂತ ಒಂದಿನಾನೂ ಹೊಳೀಲಿಲ್ಲ ನೋಡಿ.

ಈಗ ಕೋಚ್ ಬೋಲ್ಟ್ ಹಾಕಿದೀನಿ, ತಲೆ ಗುಂಡಗೆ ಇರತ್ತೆ, ಸ್ಕ್ರೂಡ್ರೈವರ್ ಕೂರೋಕೆ ಜಾಗಾನೇ ಇಲ್ಲ, ಬಾಗಿಲಲ್ಲಿ ತೂರಿಸಿ ಒಳಗಿಂದ ದೊಡ್ಡ ವಾಷರ್ ಇಟ್ಟು ನಟ್ ಬಿಗಿಯೋದು. ಬಾಗಿಲು ತಿರುಗೋ ಹಿಂಜಸ್‌ಗೂ ಅದನ್ನೇ ಹಾಕ್ದೆ, ಇಲ್ದಿದ್ರೆ ಬೀಗದ ಸುದ್ದಿಗೇ ಹೋಗ್ದೆ ಆ ಕಡೆಯಿಂದ ಬಾಗಿಲನ್ನೇ ಎತ್ತಿಡ್ತಾರೆ. ಬೀಗಾನೂ ಕೊಂಡಿ ಜಾಸ್ತಿ ಹೊರಗೆ ಕಾಣದೇ ಇರೋದು ತಂದೆ, ಕಟರ್ ಬಾಯಿ ಹಾಕೋಕೆ ಆಗ್ಬಾರ್ದು. ಹೊಸ ಸೈಕಲ್ಲನ್ನ ಕಾಂಕ್ರೀಟ್ ನೆಲಕ್ಕೆ ಆಂಕರ್ ಅಂತ ಒಂದು ಕಬ್ಬಿಣದ ಬಳೆ ಕೂರಿಸಿ ಅದಕ್ಕೆ ಚೈನ್ ಹಾಕಿದೀನಿ, ಎಮ್ಮೆ ಗೂಟಕ್ಕೆ ಕಟ್ಟಿದಂಗಿದೆ ಅಂತ ಇವಳು ನಗ್ತಾಳೆ.

ನಿಜವಾಗ್ಲೂ ಹೆದರಿಕೆ ಆಗಿದ್ದು ಏಣಿ ನೋಡಿ. ಶೆಡ್ಡಲ್ಲೇ ಒರಗಿಸಿಟ್ಟಿದ್ದೆ, ಜೊತೆಗೆ ಹಾರೆ, ಸಲಿಕೆ. ಮನಸ್ಸು ಮಾಡಿದ್ರೆ ಅದೇ ಏಣೀಲಿ ಮಹಡಿ ಕಿಟಕಿಗೆ ಹತ್ತಬಹುದಿತ್ತು, ನಮ್ಮನೆ ಒಡೆಯೋಕೆ ನಾವೇ ಸಾಮಾನು ಜೋಡಿಸಿ ಕೊಟ್ಟಂಗೆ. ಈಗ ಅದನ್ನ ಗೋಡೆಗೆ ಅಡ್ಡ ಮಲಗಿಸಿ ಬೀಗ ಹಾಕಿದೆ.

ಗ್ಯಾರೇಜಿಗೆ ಇನ್ನೂ ಏನೂ ಆಗಿಲ್ಲ, ಪುಣ್ಯ. ಅದರ ಬಾಗಿಲು ರಿಮೋಟ್ ಒತ್ತಿದ್ರೆ ಮೋಟಾರಲ್ಲಿ ಮೇಲೇಳೋದು, ಕರೆಂಟ್ ಹೋದಾಗ ಕೈಯಲ್ಲಿ ಎತ್ತೋಕೆ ಅಂತ ಒಳಗೊಂದು ಹಗ್ಗ ನೇತಾಡ್ತಿರತ್ತೆ, ಬಾಗಿಲ ಮೇಲಿನ ಸಂದೀಲಿ ತಂತಿ ತೂರಿಸಿ ಅದನ್ನ ಎಳೆದ್ರೆ ಮುಗೀತು. ಅದಕ್ಕೇ ಗ್ಯಾರೇಜಿಂದ ಅಡುಗೆಮನೆಗೆ ಬರೋ ಬಾಗಿಲಿಗೂ ಈಗ ಮುಂಬಾಗಿಲಿನಂಥದ್ದೇ ಲಾಕು. ರಿಮೋಟನ್ನ ಹೊರಗೆ ನಿಲ್ಸಿರೋ ಕಾರಲ್ಲೇ ಬಿಡೋ ಅಭ್ಯಾಸ ಇವಳದ್ದು, ಅದಕ್ಕೆ ಒಂದು ಸಣ್ಣ ಜಗಳಾನೂ ಆಯ್ತು.

ಪೊಲೀಸ್ರು ಮೊದ್ಲು ಕೇಳಿದ್ದೇ ಸೈಕಲ್ ಫ್ರೇಮ್ ನಂಬರ್, ನಾನು ಬಾಯಿ ಬಾಯಿ ಬಿಟ್ಟೆ. ಸಾಮಾನ್ಯವಾಗಿ ಪೆಡಲ್ ಹತ್ರ ಫ್ರೇಮಿನ ಅಡಿ ಕೆತ್ತಿರತ್ತೆ. ಹೊಸ ಸೈಕಲ್ ನಂಬರಿನ ಫೋಟೋ ಇದ್ರ ಜೊತೆ ಕಳಿಸ್ತಿದೀನಿ, ನನ್ನ ಫೋನ್ ಕಳೆದ್ರೂ ನಿಮ್ಮ ಹತ್ರ ಇರ್ಲಿ.

ಆಮೇಲೆ ಅಪ್ಪ, ಹಿತ್ತಲ ಬಾಗಿಲ ಚಿಲಕದ ಸ್ಕ್ರೂ ಹೊರಗಡೆ ಇದ್ಯಾ ಒಳಗಡೆ ಇದ್ಯಾ, ನೋಡಿ ಫೋನ್ ಮಾಡಿ.

ಇಂತಿ ನಿಮ್ಮ ಮಗ