ಮಗಳೇ, ಆ ಹೆಸರಿನ ವಿಷಯಕ್ಕೇ ಬರೀತಿದ್ದೀನಿ

ಪ್ರೀತಿಯ ಮಗಳೇ,

ಈ ಸಲ ಕ್ರಿಸ್ಮಸ್‌ಗೆ ಹೊನ್ನಾವರಕ್ಕೆ ಬರೋದಿಲ್ಲ, ಪಾಪುಗೆ ಅಲ್ಲಿ ಫ್ರೀಯಾಗಿ ಇರೋಕಾಗಲ್ಲ ಅಂತ ನೀನು ಹಾಕಿದ ಮೆಸೇಜ್ ನೋಡ್ದೆ. ಪಪ್ಪನಿಗೆ ಇನ್ನೂ ತೋರಿಸಿಲ್ಲ, ಅವ್ರು ಆಗ್ಲೇ ಕ್ರಿಸ್ಮಸ್ ಕರಜಿಕಾಯಿ ನೆವ್ರಿಗೆ ಅಂತ ತೆಂಗಿನಕಾಯಿ ಸುಲಿದು ಇಟ್ಟಾಗಿದೆ. ಫೋನ್ ಮಾಡಿದ್ರೆ ಇಬ್ರದ್ದೂ ಧ್ವನಿ ಏರುತ್ತೆ, ಅದಕ್ಕೇ ಬರೀತಿದ್ದೀನಿ. ಮನೇಲಿ ಕೊಂಕಣಿ ಆಡಿದ್ರೂ ಮನಸ್ಸಲ್ಲಿರೋದನ್ನ ಬರೆಯೋಕೆ ನಂಗೆ ಕನ್ನಡನೇ ಬೇಕು, ಶಾಲೇಲಿ ಅಷ್ಟು ವರ್ಷ ಮಕ್ಕಳಿಗೆ ಕಲಿಸಿದ ಭಾಷೆ.

ದಸರಾ ರಜೇಲಿ ಯೇಸುವಿನ ಹೆಸರನ್ನ ಬೈಗಳ ಮಾಡಿದ ಸಿನಿಮಾನ ಪಾಪು ನೋಡ್ತಿದ್ದಾಗ ನಾನು ಟಿವಿ ಆಫ್ ಮಾಡಿ ನಮ್ಮಿಬ್ರಿಗೂ ಜಗಳ ಆಗಿದ್ದನ್ನ ಮತ್ತೆ ಹೇಳೋದಿಲ್ಲ, ನಿಂಗೂ ಗೊತ್ತು ನಂಗೂ ಗೊತ್ತು. ಆದ್ರೆ ನಿಂಗೆ ಗೊತ್ತಿಲ್ದೇ ಇರೋದು ಒಂದಿದೆ. ನೀನು ಒಳಗೆ ಮೀಟಿಂಗಲ್ಲಿ ಕೂತಿದ್ದಾಗ ಪಕ್ಕದ ಮನೆಯವ್ರು ಮಲ್ಲಿಗೆ ಕೊಡೋಕೆ ಬಂದೋರು ಹಾಗೇ ಟಿವಿ ಮುಂದೆ ಕೂತ್ರು. ಸಿನಿಮಾದಲ್ಲಿ ಆ ಅಪ್ಪ ಕಾರಿನ ಬಾಗಿಲಿಗೆ ಕೈ ಸಿಕ್ಕಿಸಿಕೊಂಡು ಜೀಸಸ್ ಕ್ರೈಸ್ಟ್ ಅಂತ ಕಿರುಚಿದ, ಪಾಪು ಬಿದ್ದು ಬಿದ್ದು ನಕ್ಕ, ಅವ್ರು ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ್ರು, "ಅಕ್ಕೋರೇ, ಅದು ನಿಮ್ಮ ದೇವ್ರ ಹೆಸ್ರು ಅಲ್ರಾ, ಸಿಟ್ಟು ಬಂದಾಗ ಯಾಕೆ ಹೇಳ್ತಾರೆ?" ಕೊಂಕು ಇರ್ಲಿಲ್ಲ ಆ ಪ್ರಶ್ನೇಲಿ, ನಿಜವಾಗ್ಲೂ ತಿಳೀದೇ ಕೇಳಿದ್ದು. ಅವ್ರು ಸಂಜೆ ದೀಪ ಹಚ್ಚಿ ಹೇಳೋ ಹೆಸರನ್ನ ಬೈಗಳ ಮಾಡಿ ಯಾರಾದ್ರೂ ಮಕ್ಕಳ ಸಿನಿಮಾದಲ್ಲಿ ಆಡಿದ್ರೆ ಅವ್ರ ಮನೇಲಿ ಟಿವಿ ಓಡ್ತಾ ಇರ್ತಿತ್ತಾ? ನನ್ನ ಹತ್ರ ಉತ್ತರ ಇರ್ಲಿಲ್ಲ. ಅಷ್ಟರಲ್ಲಿ ಪಾಪು ಕಟ್ತಾ ಇದ್ದ ಬ್ಲಾಕ್ಸ್ ಬಿತ್ತು, ಅವನೂ ಅದೇ ರಾಗದಲ್ಲಿ ಅದೇ ಹೆಸರು ಹೇಳ್ದ. ಟಿವಿ ಆಫ್ ಮಾಡಿದ್ದು ಆವಾಗ. ಅವನು ಅತ್ತಿದ್ದು ನೆನಪಾದ್ರೆ ಈಗ್ಲೂ ಕರುಳು ಹಿಂಡುತ್ತೆ, ಅದಕ್ಕೆ ಸಾರಿ ಕಣೇ, ಆದ್ರೆ ಆಫ್ ಮಾಡಿದ್ದು ತಪ್ಪು ಅಂತ ಹೇಳಲಾರೆ.

ನೀನು ಕೇಳಿದೆ, ಬಂದರಲ್ಲಿ ಮೀನು ಇಳಿಸೋ ಹೊತ್ತಿಗೆ ಕೇಳೋ ಬೈಗಳಕ್ಕೆ ಇಲ್ಲದ ಸಿಟ್ಟು ಇದಕ್ಕೆ ಯಾಕೆ ಅಂತ. ಬಂದರಿನ ಬೈಗಳವೂ ನಂಗೆ ಇಷ್ಟ ಇಲ್ಲ. ಆದ್ರೆ ಅಲ್ಲಿ ಒಬ್ಬ ಇನ್ನೊಬ್ಬನಿಗೆ ಬೈತಾನೆ, ಬೈಸಿಕೊಂಡೋನು ತಿರುಗಿ ಬೈತಾನೆ, ಸಂಜೆ ಇಬ್ರೂ ಒಂದೇ ಕಡೆ ಚಾ ಕುಡೀತಾರೆ. ಈ ಹೆಸರಿನೋನು ಆ ಜಗಳದಲ್ಲಿ ಇಲ್ಲವೇ ಇಲ್ಲ. ಮತ್ತೆ ನೀನು ಹೇಳಿದೆ, ನಾವೂ ಕೈ ಜಾರಿದ್ರೆ ಅಯ್ಯೋ ದೇವ್ರೇ ಅಂತೀವಿ, ಕೊಂಕಣೀಲಿ ಸಾಯ್ಬಾ, ಒಡೆಯಾ ಅಂತೀವಿ ಅಂತ. ಅದು ನಿಜ, ಎಷ್ಟೋ ಸಲ ಬರೀ ಅಭ್ಯಾಸ. ಆದ್ರೂ ಅದ್ರಲ್ಲಿ ಕರೆಯೋದು ಇದೆ, ಕಾಪಾಡಪ್ಪಾ ಅನ್ನೋದು ಇದೆ. ಸಿನಿಮಾದ ಆ ಅಪ್ಪ ಯಾರನ್ನೂ ಕರೀಲಿಲ್ಲ, ಅವನಿಗೆ ಉಗಿಯೋಕೆ ಒಂದು ಮಾತು ಬೇಕಿತ್ತು.

ಈಗ ನನ್ನ ಭಯ ಹೇಳ್ತೀನಿ. ನಿನ್ನ ಅಜ್ಜಿಗೆ ಲಕ್ವ ಹೊಡೆದಾಗ ನೀನು ಒಂಬತ್ತನೇ ಕ್ಲಾಸು. ಗಂಜಿ ಕುಡಿಸಿದ್ದು, ಬೆನ್ನು ಒರೆಸಿದ್ದು ಎಲ್ಲಾ ನಿಂಗೆ ಗೊತ್ತು. ಆದ್ರೆ ರಾತ್ರಿ ಹೊತ್ತು ನಾನೊಬ್ಳೇ ಇರ್ತಿದ್ದೆ. ಮಾತು ಪೂರ್ತಿ ಹೋಗಿತ್ತು, ನನ್ನ ಹೆಸರು ಹೋಗಿತ್ತು, ತಾನು ಹುಟ್ಟಿದ ಕಾಸರಕೋಡಿನ ಹೆಸರು ಹೋಗಿತ್ತು, ಅನ್ನ ನೀರು ಅನ್ನೋ ಮಾತೂ ಇಲ್ಲ. ಉಳಿದಿದ್ದು ಒಂದೇ, ಜೆಜು, ಕೊಂಕಣೀಲಿ ಯೇಸುವಿನ ಹೆಸರು. ನೀರು ಬೇಕಾದ್ರೂ ಜೆಜು, ಮಗ್ಗುಲು ತಿರುಗಿಸ್ಬೇಕಾದ್ರೂ ಜೆಜು, ನೋವಾದ್ರೂ, ಹೆದರಿಕೆ ಆದ್ರೂ ಜೆಜು. ಧ್ವನಿ ಕೇಳಿ ಕೇಳಿ ಯಾವ ಜೆಜುಗೆ ನೀರು, ಯಾವ ಜೆಜುಗೆ ಕಾಲು ಒತ್ತಬೇಕು ಅಂತ ಗೊತ್ತಾಗೋಕೆ ಶುರುವಾಯ್ತು. ನಾನು ತೇರ್ಸ, ಅಂದ್ರೆ ಜಪಮಾಲೆ, ಹೇಳೋಕೆ ಶುರು ಮಾಡಿದ್ರೆ ಒಂದೊಂದ್ಸಲ ಮರಿಯ ಮಾತೆಯ ಇಡೀ ಪ್ರಾರ್ಥನೆ ಅವಳ ಬಾಯಿಂದ ತಾನಾಗೇ ಬರ್ತಿತ್ತು, ಒಂದಕ್ಷರ ತಪ್ಪದೇ, ಮುಗಿದ ಕೂಡ್ಲೇ ಮತ್ತೆ ಏನೂ ಇಲ್ಲ. ಡಾಕ್ಟರ ಹತ್ರ ಕೇಳಿದ್ದಕ್ಕೆ ಅವ್ರು ಹೇಳಿದ್ರು, ಮೆದುಳಿನ ಎಡಭಾಗಕ್ಕೆ ಪೆಟ್ಟಾದಾಗ ಯೋಚನೆ ಮಾಡಿ ಕಟ್ಟೋ ಮಾತು ಹೋಗುತ್ತೆ, ಅಭ್ಯಾಸದಿಂದ ಬಾಯಿಪಾಠ ಆಗಿರೋದು ಎಷ್ಟೋ ಜನರಲ್ಲಿ ಉಳ್ಕೊಳ್ಳುತ್ತೆ, ಪ್ರಾರ್ಥನೆ ಉಳೀಬಹುದು, ಹಾಡು ಉಳೀಬಹುದು, ಒಂದು ಎರಡು ಎಣಿಸೋದು ಉಳೀಬಹುದು, ಬೈಗಳವೂ ಉಳೀಬಹುದು ಅಂತ. ಆಸ್ಪತ್ರೇಲಿ ಪಕ್ಕದ ವಾರ್ಡಿನಲ್ಲಿ ಒಬ್ರು ಇದ್ರು, ಒಳ್ಳೇ ಮನುಷ್ಯರಂತೆ, ಅವ್ರ ಬಾಯಲ್ಲಿ ಉಳಿದಿದ್ದು ಒಂದು ಕೆಟ್ಟ ಮಾತು ಮಾತ್ರ, ಹೆಂಡತಿ ಊಟ ತಂದ್ರೆ ಅದೇ, ಮಗಳು ಕೈ ಹಿಡಿದ್ರೆ ಅದೇ. ಆ ಹೆಂಗಸು ನನ್ನ ಮುಖ ನೋಡೋಕೆ ನಾಚ್ಕೋತಿದ್ರು. ಅವ್ರ ತಪ್ಪಲ್ಲ ಅದು, ಯಾರ ತಪ್ಪೂ ಅಲ್ಲ. ಆದ್ರೆ ಪಾಪು ಆ ಹೆಸರು ಹೇಳಿದ ದಿನದಿಂದ ನಂಗೆ ಆ ಎರಡು ಹಾಸಿಗೆ ಬಿಟ್ಟು ಬೇರೇನೂ ಕಾಣ್ತಿಲ್ಲ. ಬಾಯಿ ಒಂದು ವಿಷಯಕ್ಕೆ ಒಗ್ಗಿದ ಮೇಲೆ ಅದು ನಮ್ಮ ಕೈಲಿರಲ್ಲ. ಅವನ ಬಾಯಲ್ಲಿ ಆ ಹೆಸರು ಪ್ರಾರ್ಥನೆಯಾಗಿ ಕೂರೋದಕ್ಕಿಂತ ಮುಂಚೆ ಬೈಗಳವಾಗಿ ಕೂತ್ರೆ? ಆರು ವರ್ಷದ ಮಗೂಗೆ ಇಷ್ಟು ದೂರ ಯೋಚಿಸೋದಾ ಅಂತ ನೀನು ಕೇಳ್ತೀಯ. ಹೌದು, ಯೋಚಿಸ್ತೀನಿ, ರಾತ್ರಿ ಎಚ್ಚರಾದ್ರೆ ಅದೇ ಯೋಚನೆ.

ಕ್ರಿಶ್ಚಿಯನ್ ದೇಶದೋರೇ ಹಾಗೆ ಮಾತಾಡ್ತಾರೆ, ನಿಂಗೇನು ಅಂದೆಯಲ್ಲ. ಅಲ್ಲೂ ಬೇಡ ಅಂದವ್ರು ಇದ್ರು ಮಗಳೇ. ಹಾಲಿವುಡ್‌ನೋರೇ 1927ರಲ್ಲಿ ಸಿನಿಮಾದಲ್ಲಿ ಬರಬಾರದ್ದರ ಒಂದು ಪಟ್ಟಿ ಮಾಡ್ಕೊಂಡ್ರು, ಅದ್ರಲ್ಲಿ ಮೊದಲನೇದೇ ಇದು, ದೇವರು, ಪ್ರಭು, ಯೇಸು, ಕ್ರಿಸ್ತ ಅನ್ನೋ ಹೆಸರನ್ನ ಭಕ್ತಿ ಇಲ್ದೇ ಬಳಸಬಾರ್ದು ಅಂತ. 1930ರ ಕೋಡ್, ಅಂದ್ರೆ ಸಿನಿಮಾದೋರು ಪಾಲಿಸಬೇಕಾದ ನಿಯಮಾವಳಿ, ಬರೆದೋರು ಡೇನಿಯಲ್ ಲಾರ್ಡ್ ಅನ್ನೋ ಯೇಸುಸಭೆಯ ಪಾದ್ರಿ ಮತ್ತೆ ಮಾರ್ಟಿನ್ ಕ್ವಿಗ್ಲಿ ಅನ್ನೋ ಕಥೋಲಿಕ ಪತ್ರಿಕೆಯವ್ರು, 1934ರಿಂದ ಅದು ಬಿಗಿಯಾಯ್ತು, 1968ರಲ್ಲಿ ವಯಸ್ಸಿನ ರೇಟಿಂಗ್ ಬಂದ್ಮೇಲೆ ಹೋಯ್ತು. ಆ ಕೋಡ್ ಎಲ್ಲಾ ಒಳ್ಳೇದಿತ್ತು ಅಂತ ನಾನು ಹೇಳಲ್ಲ, ಬಿಳಿಯರು ಕರಿಯರು ಪ್ರೀತಿಸೋದನ್ನ ತೋರಿಸಬಾರ್ದು ಅಂತಾನೂ ಅದ್ರಲ್ಲಿತ್ತು, ಅದು ಯೇಸುವಿನ ದಾರಿ ಅಲ್ಲವೇ ಅಲ್ಲ. ಆದ್ರೆ ಈ ಒಂದು ವಿಷಯಕ್ಕೆ ನೊಂದ್ಕೊಂಡೋಳು ನಾನೊಬ್ಳೇ ಅಲ್ಲ. ಇಗರ್ಜೀಲಿ, ನಮ್ಮ ಚರ್ಚಲ್ಲಿ, ಬೆನೆಡಿಕ್ಷನ್ ಅನ್ನೋ ಆಶೀರ್ವಾದ ಆದ್ಮೇಲೆ ದೇವರಿಗೆ ಸ್ತುತಿ, ಅವರ ಪವಿತ್ರ ನಾಮಕ್ಕೆ ಸ್ತುತಿ ಅಂತ ಸಾಲು ಸಾಲಾಗಿ ಹೇಳ್ತೀವಲ್ಲ, ಅದನ್ನ 1797ರಲ್ಲಿ ಲೂಯಿಜಿ ಫೆಲಿಚಿ ಅನ್ನೋ ಪಾದ್ರಿ ಬರೆದದ್ದೇ ದೇವರ ಹೆಸರಿಗೆ ಆದ ಅವಮಾನಕ್ಕೆ ಪರಿಹಾರ ಅಂತ. ಚಿಕ್ಕೋಳಿದ್ದಾಗ ನೀನು ಅದನ್ನ ಎಲ್ರಿಗಿಂತ ಜೋರಾಗಿ ಹೇಳ್ತಿದ್ದೆ.

ಇನ್ನು ಫ್ಯಾಮಿಲಿ ಸಿನಿಮಾ ಅಂತ ಅವ್ರೇ ಬರೆದಿದ್ದಾರೆ ಅಂದೆ. ಯಾರು ಬರೆದಿದ್ದು? ನಮ್ಮಲ್ಲಿ 2021ರ ನಿಯಮದ ಪ್ರಕಾರ ಈ ಓಟಿಟಿಯೋರು ತಮ್ಮ ಸಿನಿಮಾ ಸೀರಿಯಲ್‌ಗೆ ತಾವೇ ವಯಸ್ಸು ಹಾಕ್ಕೋತಾರೆ, ಯು, 7 ಪ್ಲಸ್, 13 ಪ್ಲಸ್, 16 ಪ್ಲಸ್, ಎ ಅಂತ. ಲಾಕ್ ಇಡಲೇಬೇಕು ಅಂತ ಇರೋದು 13 ಪ್ಲಸ್‌ನಿಂದ ಮೇಲಕ್ಕೆ. ಅಮೆರಿಕದ ರೇಟಿಂಗಲ್ಲಿ ಒಂದು ಅಶ್ಲೀಲ ಬೈಗಳ ಒಂದೇ ಸಲ ಬಂದ್ರೂ ಸಿನಿಮಾ ಕನಿಷ್ಠ ಪಿಜಿ 13, ಅಂದ್ರೆ ಹದಿಮೂರರ ಒಳಗಿನ ಮಕ್ಕಳ ಬಗ್ಗೆ ಹೆತ್ತವ್ರಿಗೆ ಎಚ್ಚರಿಕೆ ಕೊಡೋ ದರ್ಜೆ, ಆಗುತ್ತೆ, ಯೇಸುವಿನ ಹೆಸರಿಗೆ ಅಂಥ ನಿಯಮ ಇಲ್ಲ. ಅಂದ್ರೆ ಅವ್ರ ಜರಡಿ ಬೇರೆ ಅಳತೇದು, ಅವ್ರಿಗೆ ಕಸ ಅನ್ಸಿದ್ದು ಮೇಲೆ ನಿಲ್ಲುತ್ತೆ, ನಂಗೆ ಕಸ ಅನ್ಸಿದ್ದು ಸಲೀಸಾಗಿ ಇಳಿದು ಪಾಪು ತಟ್ಟೆಗೆ ಬೀಳುತ್ತೆ. ದೇವರ ಹೆಸರನ್ನ ವ್ಯರ್ಥವಾಗಿ ಎತ್ತಬಾರ್ದು ಅನ್ನೋದು ಬೈಬಲ್ಲಿನ ಹತ್ತು ಆಜ್ಞೆಗಳಲ್ಲಿ ನಮ್ಮ ಕಥೋಲಿಕರ ಲೆಕ್ಕಕ್ಕೆ ಎರಡನೇದು, ಪ್ರೊಟೆಸ್ಟೆಂಟ್ ಆಗಿರೋ ನಿನ್ನ ಗಂಡನ ಮನೆಯೋರ ಲೆಕ್ಕಕ್ಕೆ ಮೂರನೇದು, ಎರಡು ಮನೇಲೂ ಇದೆ ತಾನೇ. ಕೊಲೆ ಮಾಡಬೇಡ, ಕದೀಬೇಡ ಅನ್ನೋದು ಬರೋಕೆ ಮುಂಚೆ ಇದು ಬರುತ್ತೆ. ನೀನು ತಾಯಿ, ಈ ಜರಡಿ ನೀನೇ ಹಿಡೀಬೇಕು, ಕಂಪನಿಯೋರು ಹಿಡಿಯಲ್ಲ, ಸರ್ಕಾರ ಹಿಡಿಯಲ್ಲ. ಪಾಪು ಪಕ್ಕ ಕೂತ್ಕೊಂಡು ನೋಡು, ಲ್ಯಾಪ್‌ಟಾಪ್ ಮುಚ್ಚಿ ನೋಡು, ಅರ್ಧ ಗಂಟೆ ಆದ್ರೂ ಸಾಕು. ನೋಡು, ಉಪದೇಶ ಮಾಡಬಾರ್ದು ಅಂತಾನೇ ಪೆನ್ ಹಿಡಿದಿದ್ದೆ.

ಇನ್ನೊಂದು. ಆವತ್ತು ನೀನು ಮಗನ್ನ ಎತ್ಕೊಂಡು ನನ್ನ ಎದುರು ನಿಂತು, ಅವನಿಗೆ ಏನೂ ಗೊತ್ತಿಲ್ಲ, ಅವನನ್ನ ಬೈಬೇಡ, ಬೈಯೋದಿದ್ರೆ ನನ್ನ ಬೈ ಅಂದೆ. ಸಿಟ್ಟಲ್ಲೂ ನಂಗೆ ಹೆಮ್ಮೆ ಆಯ್ತು. ಆಮೇಲೆ ಎರಡು ದಿನ ಮುಂಚೆನೇ ಪಂಚಗಂಗಾ ರೈಲು ಹತ್ತಿ ಹೋದೆ, ಕಟ್ಟಿಟ್ಟ ಕೋಕಂ, ಒಣಸಿಗಡಿ ಎಲ್ಲಾ ಇಲ್ಲೇ ಉಳೀತು, ಪಪ್ಪ ಸ್ಟೇಷನ್ನಿಂದ ಬಂದೋರು ಊಟ ಮಾಡ್ಲಿಲ್ಲ. ಅದನ್ನ ನಿನ್ನ ಮೇಲೆ ಹೊರಿಸೋಕೆ ಹೇಳ್ತಿಲ್ಲ.

ಕ್ರಿಸ್ಮಸ್‌ಗೆ ಬಾ. ಟಿವಿಗೆ ನಾನು ಬೀಗ ಹಾಕಲ್ಲ, ಏನು ನೋಡ್ಬೇಕು ಅಂತ ನೀನೇ ಆರಿಸು, ನಾನು ಪಕ್ಕದಲ್ಲಿ ಕೂತಿರ್ತೀನಿ. ಆದ್ರೆ ಅಜ್ಜಿ ಯಾಕೆ ಆಫ್ ಮಾಡಿದ್ಲು ಅಂತ ಪಾಪು ಕೇಳಿದ್ರೆ, ಅಜ್ಜಿ ಹಳೇ ಕಾಲದೋಳು ಅಂತ ಹೇಳಿ ಮುಗಿಸ್ಬೇಡ. ಆ ಹೆಸರು ಯಾರದ್ದು ಅಂತ ಹೇಳು, ನಿಂಗೆ ನಾನು ಹೇಳಿಕೊಟ್ಟಿದ್ದೇ ಸಾಕು. ಟಿಕೆಟ್ ವೇಟಿಂಗ್ ಲಿಸ್ಟ್ ಆಗೋಕೆ ಮುಂಚೆ ಹೌದೋ ಅಲ್ವೋ ತಿಳಿಸು, ಅಲ್ಲ ಅನ್ನೋದಾದ್ರೆ ಪಪ್ಪನಿಗೆ ನೀನೇ ಫೋನ್ ಮಾಡು, ನನ್ನ ಬಾಯಿಂದ ಹೇಳೋಕಾಗಲ್ಲ.

ನಿನ್ನ ಅಮ್ಮ