ಮಳೆಯಲ್ಲೂ ಮಕ್ಕಳ ಮಾತು ಕೇಳಿಸಬೇಕು: ಕಮಲಾದೇವಿ ರಂಗಮನೆಗಾಗಿ ಮನವಿ

ಆತ್ಮೀಯರೇ,

ಕಳೆದ ಕಕ್ಕಡದ (ಕೊಡಗಿನಲ್ಲಿ ಜುಲೈ–ಆಗಸ್ಟ್ ನಡುವಿನ ಜಡಿಮಳೆಯ ತಿಂಗಳು) ಒಂದು ಸಂಜೆ. ನಮ್ಮ ಶಾಲೆಯ ಏಳನೇ ತರಗತಿಯ ಹುಡುಗಿ ನಾಟಕದ ತಾಲೀಮಿನಲ್ಲಿ ತನ್ನ ಮಾತು ಶುರುಮಾಡಿದ್ದಳಷ್ಟೆ, ಮಳೆ ಜೋರಾಯಿತು. ತಗಡಿನ ಮಾಡಿನ ಮೇಲೆ ಆ ಮಳೆ ಹೇಗೆ ಬಡಿಯುತ್ತದೆಂದು ಕೊಡಗಿನವರಿಗೆ ಹೇಳಬೇಕಾಗಿಲ್ಲ. ಅವಳ ತುಟಿ ಆಡುತ್ತಿತ್ತು, ಎದುರಿಗೆ ಕೂತ ನಮಗೆ ಒಂದಕ್ಷರವೂ ಕೇಳಲಿಲ್ಲ. ಆದರೂ ಹುಡುಗಿ ನಿಲ್ಲಿಸಲಿಲ್ಲ. ಸೋರುವ ಕಡೆ ಇಟ್ಟಿದ್ದ ಬಕೆಟ್ಟನ್ನು ಸುತ್ತಿಕೊಂಡು ಮುಂದೆ ಬಂದು, ಕೊನೆಯ ಸಾಲಿನವರೆಗೂ ಹೇಳಿಯೇ ಕೂತಳು.

ಅವಳ ಅಪ್ಪ ಅಮ್ಮ ಕಾಫಿ ತೋಟದ ಲೈನ್ ಮನೆಯವರು, ಅಂದರೆ ಕೂಲಿಯವರ ಸಾಲುಮನೆಯಲ್ಲಿ ಇರುವವರು. ನಾಪೋಕ್ಲು ಕಡೆಯ ನಮ್ಮ ಶಾಲೆಯಲ್ಲಿ ಅಂಥ ಮಕ್ಕಳೇ ಹೆಚ್ಚು.

ತಾಲೀಮು ನಡೆಯುವ ಆ ಹಳೇ ಕೊಠಡಿ ಇರುವ ಜಾಗದಲ್ಲಿ ಹೆಂಚಿನ ಮಾಡಿನ ಒಂದು ರಂಗಮನೆ ಕಟ್ಟಬೇಕು, ಅದಕ್ಕೆ ಕಮಲಾದೇವಿ ಚಟ್ಟೋಪಾಧ್ಯಾಯರ ಹೆಸರಿಡಬೇಕು ಎಂದು ನಮ್ಮ ಟ್ರಸ್ಟ್ ತೀರ್ಮಾನಿಸಿದೆ. ಅವರ ಹೆಸರೇ ಯಾಕೆ ಎಂದು ಸಭೆಯಲ್ಲಿ ಕೆಲವರು ಕೇಳಿದರು. ಕೇಳಿದ್ದು ಒಳ್ಳೆಯದೇ ಆಯಿತು.

ಸಂಪಾಜೆ ಘಾಟಿ ಇಳಿದು ಸುಳ್ಯ, ಪುತ್ತೂರು ದಾಟಿದರೆ ಅವರು ಹುಟ್ಟಿದ ಮಂಗಳೂರು. ಹುಟ್ಟಿದ್ದು 1903ರ ಏಪ್ರಿಲ್ 3ರಂದು. ಎಳೆಯ ವಯಸ್ಸಿಗೇ ಮದುವೆ, ಅದರ ಹಿಂದೆಯೇ ವೈಧವ್ಯ. ಮುಂದೆ ಕವಿ, ನಾಟಕಕಾರ ಹರೀಂದ್ರನಾಥರನ್ನು ಮದುವೆಯಾಗಿ, ಅವರ ಜೊತೆ ಊರೂರು ಸುತ್ತಿ ನಾಟಕ ಆಡಿದರು. ಮರ್ಯಾದಸ್ಥ ಮನೆಯ ಹೆಣ್ಣುಮಕ್ಕಳು ರಂಗ ಹತ್ತುವುದೇ ತಪ್ಪು ಎನ್ನುತ್ತಿದ್ದ ಕಾಲವದು. ಕನ್ನಡದ ಮೊದಲ ಮೂಕಿ ಚಿತ್ರಗಳಲ್ಲೊಂದಾದ 1931ರ ‘ಮೃಚ್ಛಕಟಿಕ’ದಲ್ಲೂ ಅಭಿನಯಿಸಿದರು.

ಜನರೆದುರು ನಿಲ್ಲುವ ಧೈರ್ಯ ಅವರಿಗೆ ರಂಗದಿಂದಲೇ ಬಂದದ್ದು ಎಂದು ನಾನು ನಂಬಿದ್ದೇನೆ. 1926ರಲ್ಲಿ ಮದ್ರಾಸ್ ಶಾಸನಸಭೆಗೆ ಸ್ಪರ್ಧಿಸಿದರು. ಸೋತದ್ದು ಕೆಲವೇ ಮತಗಳಿಂದ. 1930ರಲ್ಲಿ ಉಪ್ಪಿನ ಸತ್ಯಾಗ್ರಹದಿಂದ ಹೆಂಗಸರನ್ನು ದೂರ ಇಟ್ಟಾಗ ಗಾಂಧೀಜಿಯನ್ನೇ ಹೋಗಿ ಕಂಡು ಒಪ್ಪಿಸಿದರು. ಮುಂಬಯಿಯ ಷೇರುಪೇಟೆಯೊಳಗೇ ಉಪ್ಪಿನ ಪೊಟ್ಟಣ ಮಾರಿದರು, ಜೈಲಿಗೂ ಹೋದರು. ದೇಶ ಇಬ್ಭಾಗವಾದಾಗ ನಿರಾಶ್ರಿತರಾಗಿ ಬಂದ ಸುಮಾರು 50,000 ಜನರಿಗೆ ಫರೀದಾಬಾದಿನಲ್ಲಿ ನೆಲೆ ಕಲ್ಪಿಸುವ ಕೆಲಸಕ್ಕೆ ಹೆಗಲು ಕೊಟ್ಟರು. ಆಮೇಲೆ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಹೊತ್ತು, ಹಳ್ಳಿಹಳ್ಳಿಯ ನೇಕಾರರು, ಕುಂಬಾರರು, ಬುಟ್ಟಿ ಹೆಣೆಯುವವರನ್ನು ಹುಡುಕಿಕೊಂಡು ಹೋದರು. ದೆಹಲಿಯ ನ್ಯಾಷನಲ್ ಸ್ಕೂಲ್ ಆಫ್ ಡ್ರಾಮಾ ಹುಟ್ಟಿದ್ದರ ಹಿಂದೆಯೂ ಅವರ ದುಡಿಮೆಯಿದೆ. 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಬಂತು. 1988ರಲ್ಲಿ ತೀರಿಕೊಂಡರು.

ಮೂರು ವರ್ಷದ ಹಿಂದೆ ಒಬ್ಬ ತಂದೆ ತಾಲೀಮಿನ ಮಧ್ಯದಲ್ಲೇ ಮಗಳ ಕೈಹಿಡಿದು ಮನೆಗೆ ಕರೆದೊಯ್ದರು. “ನಾಟಕದವಳು ಅನ್ನಿಸಿಕೊಳ್ಳೋದು ಬೇಡ ಟೀಚರ್” ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವತ್ತು ಕಮಲಾದೇವಿಯವರ ಕಥೆ ನನ್ನ ಬಾಯಿಗೆ ಬರಲಿಲ್ಲವಲ್ಲ ಎಂಬ ನೋವು ಇನ್ನೂ ಇದೆ.

ರಂಗಮನೆಯ ಒಂದು ಪಕ್ಕದಲ್ಲಿ ಕೈಕೆಲಸದ ಜಗಲಿ ಇರುತ್ತದೆ. ಈಗ ಶನಿವಾರ ಮಧ್ಯಾಹ್ನ ಮೇದರ ಹಿರಿಯರೊಬ್ಬರು ಬಂದು ಕೊಠಡಿಯ ಹೊಸ್ತಿಲಲ್ಲಿ ಕೂತು ಬುಟ್ಟಿ ಹೆಣೆಯುವುದನ್ನು ಕಲಿಸುತ್ತಾರೆ. ಬಿದಿರಿನ ಸೀಳನ್ನು ಕಾಲ್ಬೆರಳಲ್ಲಿ ಒತ್ತಿ ಹಿಡಿದು ಕತ್ತಿಯಿಂದ ಹೆರೆಯುವಾಗ ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಾರೆ. ಹಬ್ಬದಲ್ಲಿ ಡೋಲು ಬಾರಿಸುವ ಕೈಯೂ ಅದೇ. ಮಳೆಗಾಲದಲ್ಲಿ ಅವರು ಬರಲಾಗುವುದಿಲ್ಲ. ಬಿದಿರು ಒಣಗಿಸಿಡಲು ನಮ್ಮಲ್ಲಿ ಜಾಗವಿಲ್ಲ.

ಅಕ್ಟೋಬರ್ ನಡುವಿನ ತುಲಾ ಸಂಕ್ರಮಣ ಕಳೆದ ಕೂಡಲೇ ಕೆಲಸ ಶುರುಮಾಡಬೇಕು. ಕಾಫಿ ಕೊಯ್ಲು ಬಿರುಸಾದ ಮೇಲೆ ಊರಲ್ಲಿ ಒಬ್ಬ ಆಳೂ ಸಿಗುವುದಿಲ್ಲ. ಅಡಿಪಾಯದ ಕಲ್ಲನ್ನು ಊರವರೇ ಹೊತ್ತು ತರುವುದಾಗಿ ಮಾತು ಕೊಟ್ಟಿದ್ದಾರೆ. ಸಿಮೆಂಟು, ಮರ, ಹೆಂಚು, ಬಡಗಿಯ ಕೂಲಿಗೆ ನಿಮ್ಮ ನೆರವು ಬೇಕು. ನೂರು ರೂಪಾಯಿ ಕೊಟ್ಟರೂ ಸಂತೋಷ. ಹಣ ಆಗದಿದ್ದರೆ ಹಳೇ ಮನೆ ಬಿಚ್ಚಿದಾಗ ಉಳಿದ ಗಟ್ಟಿ ಹೆಂಚು, ಮರದ ತೊಲೆ, ಬೆಂಚು ಕೊಡಿ. ಜೀಪು ತಂದು ನಾವೇ ಒಯ್ಯುತ್ತೇವೆ. ಶಾಲಾ ಕಚೇರಿಯಲ್ಲಿ ಕೊಟ್ಟ ಪ್ರತಿ ಪೈಸೆಗೂ ರಸೀದಿ ಉಂಟು. ಲೆಕ್ಕವನ್ನು ಪ್ರತಿ ತಿಂಗಳು ನೋಟಿಸ್ ಬೋರ್ಡಿಗೆ ಹಾಕುತ್ತೇವೆ.

ಮುಂದಿನ ಕಕ್ಕಡದಲ್ಲಿ ಹೊಸ ಮಾಡಿನ ಕೆಳಗೆ ಮೊದಲ ನಾಟಕ. ಮಳೆ ಇರಲಿ, ಬನ್ನಿ. ಆ ಹುಡುಗಿ ಆಗ ಎಂಟನೇ ತರಗತಿಯಲ್ಲಿರುತ್ತಾಳೆ. ಮೊದಲ ಮಾತು ಅವಳದೇ.

ನಿಮ್ಮ ವಿಶ್ವಾಸದ,
ಶಾಲಾ ಟ್ರಸ್ಟಿನ ಪರವಾಗಿ ಒಬ್ಬ ಶಿಕ್ಷಕಿ